ಹಿಮ ಬಿದ್ದ ಮೇಲೆ ಹೇಳುವ ಕಥೆ

ಚರ್ರಂತ ಒಂದು ಸಿಪ್ಪೆ, ಮತ್ತೆ ಚರ್ರಂತ ಇನ್ನೊಂದು, ಟ್ರೀನಾ ಬುಟ್ಟಿ ಹೆಣೆಯುವ ಹೇಝಲ್ ಕಡ್ಡಿ ಸುಲಿಯುತ್ತಿದ್ದಾಳೆ, ಒದ್ದೆ ಬಿಳಿ ಕಡ್ಡಿಗಳು ಅವಳ ಮಡಿಲಲ್ಲಿ, ಪಕ್ಕದಲ್ಲಿ ರೆಕಾರ್ಡರಿನ ಕೆಂಪು ದೀಪ ನನ್ನನ್ನೇ ನೋಡುತ್ತಿದೆ, ನೋಡಲಿ, ಹೂಬಿಡುವ ಕಾಲದಲ್ಲಿ ನಾನು ಕಥೆ ಹೇಳುವವಳಲ್ಲ, ನರಿರಾಯನ ಕಥೆಗಳೆಲ್ಲ ಹಿಮ ಬಿದ್ದ ಮೇಲೆಯೇ, ಕಾಲ ಮೀರಿ ಹೇಳಿದವರ ಬೆನ್ನು ಗೂನಾಗುತ್ತದೆ, ಕ್ಲಾಮತ್ ನದಿ ದಂಡೆಯ ನಮ್ಮ ಕರೂಕ್ ಜನರ ಮಕ್ಕಳಿಗೆಲ್ಲ ಗೊತ್ತಿರುವ ಮಾತು, ಇವಳಿಗೂ ಗೊತ್ತು — ನನ್ನ ತಂಗಿಯ ಮೊಮ್ಮಗಳು, ಕೂತರೆ ಬೆನ್ನು ಎಷ್ಟು ನೆಟ್ಟಗೆ, ಸುಟ್ಟ ಗುಡ್ಡದಲ್ಲಿ ಚಿಗುರಿದ ಹೇಝಲ್ ಹಾಗೇ ನೆಟ್ಟಗೆ ಬರುವುದು, ಬೆಂಕಿ ತೋರಿಸದೆ ಬಿಟ್ಟರೆ ಡೊಂಕು, ಬುಟ್ಟಿಗೆ ಬಾರದು, ನನ್ನ ಅಜ್ಜಿ ಹೇಳಿಕೊಟ್ಟಿದ್ದು, ಬೆಂಕಿಯನ್ನೂ ಕಥೆಯನ್ನೂ ಅವಳೇ ಕೊಟ್ಟಿದ್ದು, ಅವಳ ಈ ಒಂದು ಕಥೆ ಈಗ ನನ್ನನ್ನು ಬಿಟ್ಟರೆ ನದಿಯ ಮೇಲ್ಗಡೆಯಾಗಲಿ ಕೆಳಗಡೆಯಾಗಲಿ ಯಾರ ಬಾಯಲ್ಲೂ ಇಲ್ಲ, ಕಳೆದ ಚಳಿಗಾಲದಲ್ಲಿ ಹೇಳಿಬಿಡಬೇಕಿತ್ತು, ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದೆ — ಎಲೆ ಉದುರುವ ತನಕ ಇದ್ದಾಳು ಅಂದ ಡಾಕ್ಟರು, ಮೆಲ್ಲಗೆ ಅಂದ, ಮುದುಕಿಗೆ ಕಿವುಡು ಅಂದುಕೊಂಡಿರಬೇಕು, ಎಲೆ ಉದುರುವ ತನಕ, ಹಿಮ ಬೀಳುವ ತನಕ ಅಲ್ಲ.

ಹೇಳಿಬಿಡಿ ಅಜ್ಜಿ, ಅಂದಳು ಟ್ರೀನಾ, ಮಷೀನಿಗೆ ಬೆನ್ನೇ ಇಲ್ಲ, ಅದಕ್ಕೇನಾಗುತ್ತೆ. ನನ್ನ ಬೆನ್ನು? ನಿಮ್ಮದು ಆಗಲೇ ಬಗ್ಗಿದೆಯಲ್ಲ, ಇನ್ನೆಷ್ಟು ಬಗ್ಗುತ್ತೆ. ನಗು ಬಂತು, ನಗುವಿನ ಹಿಂದೆಯೇ ಕೆಮ್ಮು, ಹೌದು, ನನ್ನ ಬೆನ್ನಿನ ಚಿಂತೆ ಯಾರಿಗೆ, ಆದರೆ ಆ ಪೆಟ್ಟಿಗೆ ಹೊತ್ತುಗೊತ್ತು ನೋಡುವುದಿಲ್ಲ, ನಡುಬೇಸಗೆಯಲ್ಲೂ ಒದರಿಬಿಡುತ್ತದೆ, ಆರಿಸು ಅದನ್ನ, ಆರಿಸಿದಳು, ಹಾಗಾದ್ರೆ ಯಾವಾಗಿನ ಥರ ಕಲಿಸಿ, ನೀವು ಹೇಳಿ, ನಾನು ನಿಮ್ಮ ಹಿಂದೆ ಹಿಂದೆಯೇ ಹೇಳ್ತೀನಿ — ಅದೇ ಭಯ, ಅದೇ, ಅವಳು ಹೇಳಿದರೆ ಅವಳೂ ಹೇಳಿದ ಹಾಗೆಯೇ, ನನ್ನ ಕಥೆ ಉಳಿದು ಹುಡುಗಿಯ ಬೆನ್ನು ಬಾಗಿದರೆ ಸತ್ತ ತಂಗಿಗೆ ಆಚೆ ಲೋಕದಲ್ಲಿ ಯಾವ ಮುಖ ತೋರಿಸಲಿ, ಹೇಳದೆ ಹೋದರೆ ನನ್ನ ಅಜ್ಜಿಗೆ ಯಾವ ಮುಖ, ಒಂದು ಕಡ್ಡಿ ಕೈಗೆತ್ತಿಕೊಂಡೆ, ಮತ್ತೆ ಇಟ್ಟೆ, ಮತ್ತೆ ಎತ್ತಿಕೊಂಡೆ, ಎಷ್ಟು ನುಣುಪು, ಎಷ್ಟು ನೆಟ್ಟಗೆ.

ಕೇಳಿಲ್ಲಿ, ಒಂದು ಸಲ ಹೇಳ್ತೀನಿ, ನೀನು ತುಟಿಪಿಟಕ್ ಅನ್ನಬಾರದು, ಬರೀ ಕೇಳು, ಹಿಮ ಬಿದ್ದ ಮೇಲೆ ನೀನೇ ಹೇಳುವೆಯಂತೆ. ಆಗ ತಪ್ಪಿದರೆ ನೀವು ತಿದ್ದುತ್ತೀರಲ್ಲ ಅಜ್ಜಿ? ಚರ್ ಸದ್ದು ನಿಂತಿದೆ, ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಕಥೆ ಶುರು ಮಾಡಿದೆ, ನಮ್ಮ ಮಾತಿನಲ್ಲಿ, ನರಿರಾಯ ನದಿಯ ಮೇಲ್ಗಡೆ ಹೊರಟ ಅಂತ, ಅಭ್ಯಾಸಬಲ, ಅವಳ ತುಟಿ ಅಲುಗಿತು, ಬೆರಳಿಟ್ಟು ಮುಚ್ಚಿದೆ, ಬಿಸಿ ಉಸಿರು ಬೆರಳಿಗೆ ತಾಗುತ್ತಿದೆ, ಹೇಳುತ್ತಿದ್ದೇನೆ, ಹೇಳುತ್ತಲೇ ಇದ್ದೇನೆ, ನರಿರಾಯ ಎಲ್ಲಿಗೆ ಮುಟ್ಟಿದನೋ ನಾಲಿಗೆಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ, ಕಣ್ಣು ಅವಳ ಬೆನ್ನಿನ ಮೇಲೆ, ನೆಟ್ಟಗಿದೆ, ಇನ್ನೂ ನೆಟ್ಟಗಿದೆ —