ಬಿಳೇ ಅಕ್ಕನ ಕಾಯಿ

ರಾಣೇಬೆನ್ನೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದ ಮಹೇಶ್ವರಿಗೆ ಆ ಜನವರಿಯಲ್ಲಿ ಇಬ್ಬರು ಹೆಂಗಸರ ಮೇಲೆ ವಿಪರೀತ ಸಿಟ್ಟಿತ್ತು. ಒಬ್ಬರು, ‘ಮಾಧ್ಯಮ, ಜಾಹೀರಾತು ಮತ್ತು ಜಾಗತಿಕ ಸಂಸ್ಕೃತಿ’ ಎಂಬ ವಿಷಯದ ಮೇಲೆ ಇಪ್ಪತ್ತು ಪುಟ ಬರೆದುಕೊಂಡು ಬಾ ಎಂದಿದ್ದ ಸುಧಾರಾಣಿ ಮೇಡಂ. ಇನ್ನೊಬ್ಬಳು ಹನ್ನೆರಡು ಅಡಿ ಅಗಲದ ಮುಖದ, ಊರು ಹೆಸರು ಯಾರಿಗೂ ಗೊತ್ತಿಲ್ಲದ ಒಬ್ಬ ಬಿಳಿ ಹೆಂಗಸು.

ಈ ಬಿಳಿ ಹೆಂಗಸು ಯಾವುದೋ ಮುಖದ ಕ್ರೀಮಿನ ಜಾಹೀರಾತಿನವಳು. ಹಾವೇರಿಯ ಹೆದ್ದಾರಿ ಪಕ್ಕದಲ್ಲಿ ಆರು ತಿಂಗಳು ಬಿಸಿಲಿಗೆ ನಗುತ್ತ ನಿಂತಿದ್ದು, ಅವಧಿ ಮುಗಿದ ಮೇಲೆ ಗುಜರಿ ಅಂಗಡಿಗೆ ಬಂದು, ಅಲ್ಲಿಂದ ಮಹೇಶ್ವರಿಯ ಅವ್ವ ಉಚ್ಚಂಗೆವ್ವನ ಕೈಗೆ ಸಿಕ್ಕಿದ್ದಳು. ಆಗಿನ್ನೂ ಫ್ಲೆಕ್ಸ್ ಬಂದ ಹೊಸದು. ಪಟ್ಟಣದವರು ಅದನ್ನು ನೋಡುವ ವಸ್ತು ಎಂದುಕೊಂಡಿದ್ದರು. ನಮ್ಮ ರೈತರಿಗೆ ಮಾತ್ರ ಅದರ ಖರೇ ಉಪಯೋಗ ಮೊದಲ ದಿನವೇ ಹೊಳೆದಿತ್ತು. ಅದು ತಾಡಪತ್ರಿ. ಐರಣಿಯ ಹೊಲದಲ್ಲಿ ಬೆಳೆದ ಮೆಣಸಿನಕಾಯಿಯನ್ನು ಬ್ಯಾಡಗಿ ಪೇಟೆಯಲ್ಲಿ ರಾಶಿ ಹಾಕಿದಾಗ ಇಬ್ಬನಿ ಬೀಳದಂತೆ ಹೊದಿಸಲು ಅದಕ್ಕಿಂತ ಅಗ್ಗದ್ದು, ಗಟ್ಟಿಯಾದದ್ದು ಬೇರೆ ಇರಲಿಲ್ಲ. ರೊಕ್ಕ ಕೊಟ್ಟು ತಂದದ್ದು, ಚಿತ್ರ ಮಣ್ಣುಪಾಲಾಗುವುದು ಬೇಡವೆಂದು ಉಚ್ಚಂಗೆವ್ವ ಮುಖ ಮೇಲೆ ಮಾಡಿಯೇ ಹೊದಿಸಿದಳು. ಅಲ್ಲಿಂದ ಶುರುವಾಯಿತು ಪೀಕಲಾಟ.

ಉಚ್ಚಂಗೆವ್ವ ಹದಿನೆಂಟು ವರ್ಷದಿಂದ ತನ್ನದೇ ಬೀಜ ಕಾಯ್ದುಕೊಂಡು ಡಬ್ಬಿ ಕಾಯಿ ಬೆಳೆಯುತ್ತಿದ್ದಳು. ಗಿಡ್ಡಗೆ, ದಪ್ಪಗೆ, ಮೈತುಂಬ ಸುಕ್ಕು. ಖಾರ ಕಡಿಮೆ, ಬಣ್ಣ ಜಾಸ್ತಿ. ಪೇಟೆಯಲ್ಲಿ ಅದಕ್ಕೆ ‘ಉಚ್ಚಂಗೆವ್ವನ ಕಾಯಿ’ ಎಂದೇ ಹೆಸರಿತ್ತು. ಗಂಡ ಉಡಚಪ್ಪನ ಹೊಲ, ಉಡಚಪ್ಪನ ಪಂಪ್‌ಸೆಟ್ಟು, ಉಡಚಪ್ಪನ ಮನೆ. ಈ ಲೋಕದಲ್ಲಿ ಉಚ್ಚಂಗೆವ್ವನದು ಎಂದು ನಾಲ್ಕು ಜನ ಹೇಳುತ್ತಿದ್ದದ್ದು ಆ ಕಾಯಿ ಒಂದನ್ನೇ.

ಫ್ಲೆಕ್ಸ್ ಹೊದಿಸಿದ ಎರಡನೇ ಸಂತೆಗೆ ಹಮಾಲರು ಗುರುತಿಗೆಂದು ‘ಬಿಳೇ ಅಕ್ಕನ ರಾಶಿ’ ಎಂದರು. ಮೂರನೆಯದಕ್ಕೆ ಖರೀದಿದಾರರು ‘ಬಿಳೇ ಅಕ್ಕನ ಕಾಯಿ’ ಎಂದು ಕೇಳಿಕೊಂಡು ಬಂದರು. ಕಾಯಿ ಅದೇ, ಬೀಜ ಅದೇ, ಆದರೆ ಈಗ ಮುರಿದು ಮೂಸಿ ನೋಡುವವರಿಲ್ಲ. ಬಂದವರು ಆಕೆಯ ಮುಖ ನೋಡಿ, ‘ಬಣ್ಣ ಛಲೋ ಐತಿ’ ಎಂದು ಚೀಟಿಯಲ್ಲಿ ದರ ಬರೆದು ಟೆಂಡರು ಪೆಟ್ಟಿಗೆಗೆ ಹಾಕತೊಡಗಿದರು. ಇದನ್ನು ಕಂಡು ಉಳಿದ ರೈತರು ಸುಮ್ಮನಿರುತ್ತಾರೆಯೇ? ಒಬ್ಬ ಸಿಮೆಂಟು ಹೊದಿಸಿದ, ಇನ್ನೊಬ್ಬ ಟ್ರ್ಯಾಕ್ಟರ್ ಟಾಯರು, ಮತ್ತೊಬ್ಬ ಬನಿಯನ್ ತೊಟ್ಟ ಪೈಲ್ವಾನನನ್ನು. ಮೈಲಾರಪ್ಪನೆಂಬವನು ಯಾವನೋ ಪುಢಾರಿಯ ಹುಟ್ಟುಹಬ್ಬವನ್ನು ಹೊದಿಸಿ, ಎದುರು ಪಾರ್ಟಿಯ ವ್ಯಾಪಾರಿಗಳು ಹತ್ತಿರವೂ ಸುಳಿಯದೆ ಮೂರು ದಿನ ನೊಣ ಹೊಡೆದುಕೊಂಡು ಕೂತ.

ಒಂದು ಸೋಮವಾರ ಹುಬ್ಬಳ್ಳಿ ಕಡೆಯ ಖರೀದಿದಾರನ ಗುಮಾಸ್ತನೊಬ್ಬ ರಾಶಿಯ ಪಕ್ಕ ಕೂತಿದ್ದ ಉಚ್ಚಂಗೆವ್ವನನ್ನು ಕೇಳಿದ: “ಯವ್ವಾ, ನೀ ಬಿಳೇ ಅಕ್ಕನ ಕಡೆ ಕೂಲಿಗೆ ಬಂದಾಕಿಯೇನು?”

ಆ ದಿನ ಆಕೆ ಬುತ್ತಿ ಬಿಚ್ಚಲಿಲ್ಲ. ಫ್ಲೆಕ್ಸನ್ನು ಮಡಚಿ ಚೀಲಕ್ಕೆ ತುರುಕಿ, ರಾಶಿಯನ್ನು ಬರಿ ಮೈಯಲ್ಲೇ ಇಟ್ಟಳು. ಬಂದ ಗಿರಾಕಿಗಳು, ‘ಬಿಳೇ ಅಕ್ಕ ಈ ಸಲ ಬಂದಿಲ್ಲೇನು?’ ಎಂದು ಕೇಳಿ ಮುಂದೆ ಹೋದರು. ಸಂಜೆ ಮತ್ತೆ ಬಿಳೇ ಅಕ್ಕನನ್ನೇ ಹೊರತೆಗೆದು ಹೊದಿಸಬೇಕಾಯಿತು.

“ಅಕಿ ನಗಾಕತ್ತಾಳ ನೋಡು, ನಾ ಬಿತ್ತಿದ್ದಕ್ಕ, ನಾ ನೀರು ಹಾಯಿಸಿದ್ದಕ್ಕ,” ಎಂದು ಉಚ್ಚಂಗೆವ್ವ ಮಗಳ ಮುಂದೆ ಕಣ್ಣೀರು ಹಾಕಿದಳು. “ನನ್ನ ಹೆಸರ ತಿಂದಬಿಟ್ಲು ರಂಡೆ.”

ಅವ್ವನ ಮಾತು ಮುಗಿಯುವ ಮೊದಲೇ ಮಹೇಶ್ವರಿ ಪ್ರಬಂಧದ ಹಾಳೆ ಎಳೆದುಕೊಂಡಳು. ಹದಿನಾರು ಪುಟ ಬರೆದಿದ್ದ ಹುಡುಗಿ ಅವಳು. ಜಾಹೀರಾತು ಜನರನ್ನು ಹೇಗೆ ಮಂಗ ಮಾಡುತ್ತದೆ ಎಂಬುದು ಇಡೀ ಜಿಲ್ಲೆಯಲ್ಲಿ ತನಗೊಬ್ಬಳಿಗೇ ತಿಳಿದಿದೆ ಎಂಬ ಧಿಮಾಕೂ ಇತ್ತು. ಅದೇ ಆವೇಶದಲ್ಲಿ ಹದಿನೇಳನೆಯ ಪುಟದಲ್ಲಿ ಹೀಗೆ ಬರೆದಳು: ‘ಜಾಗತಿಕ ಮುಖವನ್ನು ನಮ್ಮ ಮುಖದಿಂದಲೇ ಎದುರಿಸಬೇಕು.’ ಬರೆದು ಸುಮ್ಮನಿದ್ದರೆ ಒಳ್ಳೆಯ ಅಂಕ ಬಂದು ಹೋಗುತ್ತಿತ್ತು. ಅವಳು ಮಾರನೆಯ ದಿನ ಬಸ್ಸು ಹತ್ತಿ ಹಾವೇರಿಗೆ ಹೋದಳು.

ಹಾವೇರಿಯಲ್ಲಿ ಅವಳ ಹೈಸ್ಕೂಲಿನ ಗೆಳೆಯ ಮೈಲೇಶ ಫ್ಲೆಕ್ಸ್ ಅಂಗಡಿ ಇಟ್ಟಿದ್ದ. ಮಹಿಳಾ ಸಂಘದ ಪಾಸ್‌ಬುಕ್ಕಿಗೆಂದು ತೆಗೆಸಿದ್ದ ಅವ್ವನ ಫೋಟೊವನ್ನು ಅವಳು ಅವನ ಮುಂದಿಟ್ಟಳು. ನಗುವಿಲ್ಲ, ಹುಬ್ಬು ಗಂಟು, ಸೆರಗು ತಲೆಯ ಮೇಲೆ.

“ಮ್ಯಾಲ ಲೀಡರ್ ಯಾರ್‍ಯಾರನ್ನ ಹಾಕ್ಲಿ?” ಎಂದ ಮೈಲೇಶ.

“ಯಾರೂ ಬ್ಯಾಡ.”

“ಕೆಳಗ ಶುಭಾಶಯ ಕೋರುವವರು?”

“ಯಾರೂ ಇಲ್ಲ. ಉಚ್ಚಂಗೆವ್ವ, ಐರಣಿ. ಇಷ್ಟ ಸಾಕು. ಸುಳ್ಳ ಒಂದೂ ಇರಬಾರ್ದು ಅದರಾಗ.”

“ಖಾಲಿ ಖಾಲಿ ಕಾಣತೈತಿ, ಸುತ್ತ ಹೂವಾದ್ರೂ ಹಾಕ್ತೇನಿ,” ಎಂದು ಮೈಲೇಶ ನಾಲ್ಕು ಮೂಲೆಗೂ ಸೇವಂತಿಗೆ ಹಾಕಿದ. ಚೆನ್ನಾಗಿಯೇ ಕಾಣಿಸಿತು. ಅವ್ವನಿಗೆ ಹೇಳುವುದು ಬೇಡ, ಕಂಡು ಖುಷಿಪಡಲಿ, ನೀನೇ ಸೋಮವಾರ ಹೊತ್ತು ಹುಟ್ಟುವ ಮೊದಲು ಬ್ಯಾಡಗಿಗೆ ಒಯ್ದು ಬಿಳೇ ಅಕ್ಕನ ಬದಲು ರಾಶಿಗೆ ಹೊದಿಸಿ ಬಾ ಎಂದು ಅವನಿಗೆ ಹೇಳಿ ಮಹೇಶ್ವರಿ ಹಿಂದಿರುಗಿದಳು. ಉಚ್ಚಂಗೆವ್ವ ಸಂತೆಯ ಹಿಂದಿನ ದಿನವೇ ಬ್ಯಾಡಗಿಗೆ ಬಂದು, ಕಾಯಿಯ ತೊಟ್ಟು ಬಿಡಿಸುವ ಕೆಲಸದ ಗೆಳತಿ ಹುಸೇನಬಿಯ ಮನೆಯಲ್ಲಿ ಉಳಿಯುವ ರೂಢಿ. ಹೀಗಾಗಿ ಮೈಲೇಶ ಕೆಲಸ ಮುಗಿಸಿ ಹೋದದ್ದು ಆಕೆಗೆ ತಿಳಿಯಲೇ ಇಲ್ಲ.

ಸೋಮವಾರ ಒಂದು ತಾಸಿನ ಪಾಠ ಮುಗಿಸಿ ಮಹೇಶ್ವರಿ ಬ್ಯಾಡಗಿಗೆ ಬಂದಾಗ ಹನ್ನೊಂದು ಗಂಟೆ. ಪೇಟೆಯ ಓಣಿಗೆ ಕಾಲಿಡುತ್ತಲೇ ಎಲ್ಲರಂತೆ ಮೂರು ಸಲ ಸೀನಿದಳು. ಅವ್ವನ ಮಾಲು ಮಾರಿಸುವ ದಲಾಲಿ ಪ್ರಭುಲಿಂಗಪ್ಪನವರ ಅಂಗಡಿಯ ಮುಂದೆ ಜನ ನೆರೆದಿತ್ತು. ಹಮಾಲರು ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ರಾಶಿಯ ಮೇಲೆ ಅವ್ವನ ಹನ್ನೆರಡು ಅಡಿಯ ಮುಖ. ಅದರ ಕೊರಳಿನ ಜಾಗದಲ್ಲಿ ಚೆಂಡುಹೂವಿನ ಮಾಲೆ. ಮುಂದೆ, ಮೆಣಸಿನಕಾಯಿ ಚೀಲಕ್ಕೆ ಚುಚ್ಚಿದ ಊದಿನಕಡ್ಡಿ ಹೊಗೆಯಾಡುತ್ತಿತ್ತು.

ಪ್ರಭುಲಿಂಗಪ್ಪನವರು ಅಂಗಡಿಯ ಮೈಕಿನಲ್ಲಿ ಗದ್ಗದರಾಗಿ ಹೇಳುತ್ತಿದ್ದರು: “ಐರಣಿಯ ಉಚ್ಚಂಗೆವ್ವ ನಮ್ಮನ್ನ ಅಗಲ್ಯಾಳ. ಎಲ್ಲಾರೂ ಎರಡ ನಿಮಿಷ ಮೌನ ಆಚರಿಸ್ರಿ.”

ಆ ಮುಖವನ್ನು ಆರಿಸಿದವಳು ಮಹೇಶ್ವರಿ, ಅಳತೆ ಹೇಳಿದವಳು ಅವಳು, ಸೇವಂತಿಗೆಯನ್ನು ಒಪ್ಪಿದವಳೂ ಅವಳೇ. ಹದಿನೇಳು ಪುಟದ ತಿಳಿವಳಿಕೆಯಲ್ಲಿ ಒಂದು ಸಾಲಾದರೂ ಆ ಗಳಿಗೆಗೆ ನೆರವಾಗಬಾರದೇ? ಮಾಲೆ ಇದೆ, ಊದಿನಕಡ್ಡಿ ಇದೆ, ಅವ್ವನ ಮುಖ ಇದೆ. ಅವಳು ಅಲ್ಲೇ ಕಂಬ ಹಿಡಿದು ಕುಸಿದು, ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಸುತ್ತಲಿನವರು ಗಮನಿಸಲಿಲ್ಲ, ಬ್ಯಾಡಗಿ ಪೇಟೆಯಲ್ಲಿ ಕಣ್ಣೀರು ಸುರಿಸದೆ ನಿಂತವರು ಕಡಿಮೆ. ಮೌನವೂ ಅಷ್ಟರಲ್ಲೇ ಇತ್ತು. ಘಾಟಿಗೆ ಒಬ್ಬ ಸೀನಿದರೆ ಹತ್ತು ಜನ ಸೀನುವರು, ಮತ್ತೆ ತಲೆ ತಗ್ಗಿಸಿ ದುಃಖಪಡುವರು.

ಮೌನ ಮುಗಿದ ಮೇಲೆ ಪ್ರಭುಲಿಂಗಪ್ಪನವರು ಮುಂದುವರಿಸಿದರು: “ಅಕಿ ಕಾಯಿ ಮುರದ್ರ ಬಣ್ಣ ಮೂರ ದಿನ ಬೆರಳಿಗೆ ಇರ್ತಿತ್ತು. ತೂಕಕ್ಕಂತ ಒಂದ ಹನಿ ನೀರ ಚಿಮುಕಿಸಿದಾಕಿ ಅಲ್ಲ. ಹದಿನೆಂಟ ವರ್ಷದಾಗ ಅಕಿ ರಾಶಿಯೊಳಗ ನನ್ನ ಕೈ ಒಮ್ಮೆಯೂ ತೊಯ್ದಿಲ್ಲ. ಇಂಥಾ ಕಾಯಿ ಇನ್ನ ಯಾರ ಬೆಳೀತಾರ್ರೀ?”

“ಯಾರ ಹೋಗ್ಯಾರ?” ಎಂದು ಮಹೇಶ್ವರಿಯ ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು. “ಛಲೋ ಹೆಣ್ಣಮಗಳು ಇದ್ಲಂತ ನೋಡು. ಪಾಪ.”

ಮಹೇಶ್ವರಿ ತಿರುಗಿದಳು. ಚಹಾ ಕುಡಿದು ಹುಸೇನಬಿಯ ಜೊತೆ ಆಗ ತಾನೇ ಬಂದ ಉಚ್ಚಂಗೆವ್ವ, ಸಾವಿನ ಮುಂದೆ ನಿಲ್ಲಬೇಕಾದ ರೀತಿಯಲ್ಲಿ ಸೆರಗು ಹೊದ್ದು, ಕೈ ಮುಗಿದುಕೊಂಡು, ಗಿಡ್ಡ ದೇಹವನ್ನು ಮುಂಗಾಲ ಮೇಲೆ ಎತ್ತಿ ಇಣುಕಲು ನೋಡುತ್ತಿದ್ದಳು. ಮಗಳು ಅವ್ವನ ರಟ್ಟೆ ಹಿಡಿದಳು. ಬೆಚ್ಚಗಿತ್ತು.

ಎತ್ತರದ ಹುಸೇನಬಿ ಜನರ ತಲೆಯ ಮೇಲಿಂದ ನೋಡಿ ಎದೆ ಬಡಿದುಕೊಂಡಳು: “ಯಾ ಅಲ್ಲಾ! ಉಚ್ಚಂಗೆವ್ವಾ, ನೀನ ಹೋಗೀದಿಯಲ್ಲ!”

ಜನ ತಿರುಗಿದರು. ಒಬ್ಬ ಹಮಾಲ ಚೀಲದ ಮೇಲೆ ಕೂತೇಬಿಟ್ಟ. ಪ್ರಭುಲಿಂಗಪ್ಪನವರ ಕೈಯ ಮೈಕು ಕುಂಯ್ ಎಂದಿತು.

“ಏನವ್ವ ಇದು?” ಎಂದು ಅವರು ಸಿಟ್ಟಿಗೆದ್ದರು. “ಮ್ಯಾಲ ಒಬ್ಬ ಲೀಡರ್ ಇಲ್ಲ, ಕೆಳಗ ಶುಭಾಶಯ ಇಲ್ಲ, ಸುತ್ತೆಲ್ಲಾ ಹೂವ ಹಾಕ್ಯಾರ. ನಮ್ಮಂಥವರ ಮುಖ ಇಷ್ಟ ದೊಡ್ಡದಾಗಿ ಬಂದ್ರ ಏನಂತ ತಿಳೀಬೇಕು ನಾವು? ಸತ್ತಿದ್ರನ ಹಾಕ್ತಾರ!”

ಅದು ನಿಜವಾಗಿತ್ತು. ಪರದೇಶದವಳು ಕ್ರೀಮು ಹಚ್ಚಿಕೊಂಡು ಮೇಲೇರಬಹುದು, ಪುಢಾರಿ ಹುಟ್ಟುಹಬ್ಬಕ್ಕೆ ಏರಬಹುದು. ಉಚ್ಚಂಗೆವ್ವನಂಥವಳಿಗೆ ಇದ್ದದ್ದು ಒಂದೇ ದಾರಿ. ಪ್ರಬಂಧಕ್ಕೆ ಬೇಕಾಗಿದ್ದ ಮಾತು ಅದೇ ಎಂದು ಮಹೇಶ್ವರಿಗೆ ಹೊಳೆಯಿತು, ಆದರೆ ಬರೆದುಕೊಳ್ಳುವ ಮನಸ್ಸಾಗಲಿಲ್ಲ.

ಉಚ್ಚಂಗೆವ್ವ ಜನರ ನಡುವೆ ದಾರಿ ಮಾಡಿಕೊಂಡು ರಾಶಿಯ ಮುಂದೆ ಹೋಗಿ ನಿಂತಳು. ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

“ನಾ ಇಷ್ಟ ಸಿಟ್ಟಿನಾಕಿ ಕಾಣ್ತೇನೇನು?” ಎಂದಳು. ಆಮೇಲೆ ಪಕ್ಕದ ಚೀಲದ ಮೇಲೆ ಕೂತು, ಸೆರಗು ಸರಿ ಮಾಡಿಕೊಂಡು, “ಮುಂದ ಹೇಳ್ರಿ ಸಾವ್ಕಾರ್ರ. ಕಾಯಿ ಮಾತು ಅರ್ಧಕ್ಕ ನಿಂತೈತಿ,” ಎಂದಳು.

ಎದುರಿಗೆ ಕೂತು ಕಣ್ಣು ಮಿಟುಕಿಸುವವಳನ್ನು ಹೊಗಳಿ ಪ್ರಭುಲಿಂಗಪ್ಪನವರಿಗೆ ರೂಢಿಯಿರಲಿಲ್ಲ; ನಾಚಿಕೆಯಿಂದ ಕಿವಿ ಕೆಂಪಗಾಯಿತು. ಕೊನೆಗೆ, “ಮುಂದಿನ ವಾರ ತೊಟ್ಟು ಇನ್ನೊಂಚೂರು ಛಲೋ ಬಿಡಿಸ್ಕೊಂಡ ಬಾ,” ಎಂದು ಗದರಿ ಒಳಗೆ ಹೋದರು.

ಆದರೆ ಸತ್ತವಳ ಕೊನೆಯ ಕಾಯಿಯೆಂದು ಖರೀದಿದಾರರು ಆಗಲೇ ಚೀಟಿ ಹಾಕಿಬಿಟ್ಟಿದ್ದರು. ಹಾಕುವ ಮೊದಲು ಗೌರವಕ್ಕೆಂದು ಒಬ್ಬೊಬ್ಬರೂ ಒಂದೊಂದು ಕಾಯಿ ಮುರಿದು ಮೂಸಿ ನೋಡಿದ್ದರು. ಮಧ್ಯಾಹ್ನ ಪೆಟ್ಟಿಗೆ ಬಿಚ್ಚಿ ಹೆಸರು ಕೂಗುವಾಗ, ಅದೇ ಹುಬ್ಬಳ್ಳಿಯ ಗುಮಾಸ್ತ ಪಟ್ಟಿ ನೋಡುತ್ತ ಗಟ್ಟಿಯಾಗಿ ಕರೆದ: “ತೀರಿಕೊಂಡ ಉಚ್ಚಂಗೆವ್ವನ ಕಾಯಿ! ಯಾರ್ರೀ ಇದಕ್ಕ ವಾರಸದಾರ್ರು?”

“ನಾನ ಅದೀನಪ್ಪಾ,” ಎಂದು ಎದ್ದು ನಿಂತಳು ಉಚ್ಚಂಗೆವ್ವ. ಒಂದು ತಿಂಗಳಲ್ಲಿ ಮೊದಲ ಸಲ ನಕ್ಕಳು. “ಉಚ್ಚಂಗೆವ್ವ ಅಂದಿಯಲ್ಲ, ಇನ್ನೊಮ್ಮೆ ಒದರು.”

ಸಂಜೆ ರಾಣೇಬೆನ್ನೂರಿನ ಬಸ್ಸಿನಲ್ಲಿ ತಾಯಿ ಮಗಳಿಗೆ ಸೀಟು ಸಿಕ್ಕಿತು. ಸುರುಳಿ ಸುತ್ತಿದ ಹೊಸ ಫ್ಲೆಕ್ಸು ಇಬ್ಬರ ಕಾಲ ಬಳಿ ಮಲಗಿತ್ತು. ಮುಂದಿನ ವಾರ ಅದನ್ನು ಬೋರಲು ಹಾಕಿ ಮೇಲೆ ಕಾಯಿ ಒಣಗಿಸುವುದೆಂದು ಉಚ್ಚಂಗೆವ್ವ ತೀರ್ಮಾನಿಸಿ ಆಗಿತ್ತು. ಮೋಟೆಬೆನ್ನೂರು ದಾಟುವಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿತು. ಬಾಯಿ ಅರೆ ತೆರೆದು, ತಲೆ ಮಗಳ ಭುಜಕ್ಕೆ ಜಾರಿತು. ಮಹೇಶ್ವರಿ ಹೊಲಗಳನ್ನು ನೋಡಲು ಯತ್ನಿಸಿದಳು, ಆಗಲಿಲ್ಲ. ಆ ಮಾಲೆ, ಆ ಊದಿನಕಡ್ಡಿ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಸುಳ್ಳೆಂದು ಗೊತ್ತು, ಆದರೂ ಎದೆ ಕೇಳುತ್ತಿರಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಎರಡು ಬೆರಳನ್ನು ಅವ್ವನ ಮೂಗಿನ ಮುಂದೆ ಹಿಡಿದಳು.

“ಅದೀನಿ, ಇನ್ನೂ ಅದೀನಿ,” ಎಂದಳು ಉಚ್ಚಂಗೆವ್ವ ಕಣ್ಣು ತೆರೆಯದೆ. “ಕಾಯಿ ಮುಟ್ಟಿದ ಕೈ, ತಗೀ ಅತ್ಲಾಗ. ಸೀನ ಬರತೈತಿ.”