ಶನಿವಾರದ ಮೂರು ನಿಮಿಷ

ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಬಗ್ಗೆ ಒಂದು ಪುಸ್ತಕ, ಅದನ್ನೇ ಆಧರಿಸಿದ ಒಂದು ಸಾಕ್ಷ್ಯಚಿತ್ರ. ಎರಡನ್ನೂ ಹೋಲಿಸಿ ತರಗತಿಯಲ್ಲಿ ಹತ್ತು ನಿಮಿಷ ಮಾತಾಡಬೇಕು. ಹೋದ ಸಲ ನಾನು ಬೆರಳು ನೋಯುವಷ್ಟು ಬರೆದದ್ದನ್ನು ಹಿಡಿದು, ಎಲ್ಲಿಂದ ಇಳಿಸಿಕೊಂಡೆ ಎಂದು ಮೇಷ್ಟ್ರು ಎಲ್ಲರೆದುರು ಕೇಳಿದ್ದರು. ಆ ಅವಮಾನ ಇನ್ನೂ ಉರಿಯುತ್ತಿತ್ತು. ಈ ಸಲ ನನ್ನತ್ತ ಯಾರೂ ಬೆರಳು ತೋರಿಸಬಾರದು ಎಂದು ಹಟ ಹಿಡಿದಿದ್ದೆ.

ನನಗೆ ಜೋಡಿಯಾಗಿ ಸಿಕ್ಕವಳು ದಪ್ಪ ಕನ್ನಡಕಕ್ಕೆ ನಾವೆಲ್ಲ ಸೋಡಾಬುಡ್ಡಿ ಎಂದು ಕರೆಯುತ್ತಿದ್ದವಳು. ಪುಸ್ತಕ ಮುನ್ನೂರು ಪುಟ ಎಂದು ತಿಳಿದ ಕೂಡಲೇ ಚಿತ್ರ ನನಗಿರಲಿ ಎಂದಳು. ಅದನ್ನಾದರೂ ನೆಟ್ಟಗೆ ನೋಡಿದಳೇ? ದುಪ್ಪಟ್ಟು ವೇಗದಲ್ಲಿ ಓಡಿಸಿ, ತಮಾಷೆಯ ಒಂದು ಭಾಗ ಬಿಟ್ಟು ಏನೂ ನೆನಪಿಲ್ಲ ಎಂದು ಕೈ ಎತ್ತಿಬಿಟ್ಟಳು. ಪುಸ್ತಕವನ್ನು ಎರಡು ಸಲ ಓದಿ, ಚಿತ್ರವನ್ನು ಆರು ಸಲ ನೋಡಿದವಳು ನಾನು. ನನ್ನ ಹಣೆಬರಹ.

ಎರಡರಲ್ಲೂ ಇಲ್ಲದ ಒಂದಾದರೂ ಸಂಗತಿ ತರಬೇಕೆಂದು ಮೇಷ್ಟ್ರು ಹೇಳಿದಾಗ ಮಾತ್ರ ಒಳಗೊಳಗೇ ಹಿಗ್ಗಿದ್ದೆ. ನಮ್ಮಜ್ಜಿ, ಅಂದರೆ ಅಪ್ಪನ ಅಮ್ಮ, ಅದೇ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವಳು. ನೋಟ್‌ಬುಕ್ ಹಿಡಿದು ಎದುರು ಕೂತೆ. ಕುರ್ಚಿ ಎಷ್ಟು ಎತ್ತರವಿತ್ತು, ಕಿವಿಗೆ ಹಾಕುವ ಯಂತ್ರ ಎಷ್ಟು ಭಾರವಿತ್ತು, ಪರ ಊರಿನ ಟ್ರಂಕ್ ಕಾಲಿಗೆ ಮೂರು ನಿಮಿಷದ ಲೆಕ್ಕ ಹೇಗೆ, ಎಲ್ಲ ಹೇಳಿದಳು. ಯಾರು ಏನು ಮಾತಾಡುತ್ತಿದ್ದರು ಎಂದರೆ ಕನ್ನಡಕ ಒರೆಸುತ್ತಾ ಕೂತಳು. ಜನರ ಮಾತು ಕೇಳಿಸಿಕೊಳ್ಳುವುದು ತನ್ನ ಕೆಲಸವಾಗಿರಲಿಲ್ಲವಂತೆ. ಮೂರು ದಿನ ಕಲ್ಲಿನಿಂದ ನಾರು ತೆಗೆದೆ. ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ.

ಕೊನೆಗೆ ಅವಳ ಬಾಯಿ ಬಿಡಿಸೋಣವೆಂದು ಆ ತಮಾಷೆಯ ಭಾಗವನ್ನೇ ತೋರಿಸಿದೆ. ತರಗತಿಯಲ್ಲಿ ನಮ್ಮ ಮಾತು ಅದರಿಂದಲೇ ಶುರುವಾಗುವುದಿತ್ತು. ನಿವೃತ್ತ ಆಪರೇಟರೊಬ್ಬಳು ನಗುನಗುತ್ತಾ ಹೇಳುತ್ತಾಳೆ: ಒಬ್ಬಳು ಪ್ರತಿ ಶನಿವಾರ ಮಗುವನ್ನು ಕರೆದುಕೊಂಡು ಬೂತಿಗೆ ಬಂದು ಗಂಡನಿಗೆ ಫೋನ್ ಮಾಡುತ್ತಿದ್ದಳು. ಆ ಕಡೆ ಗಂಡ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಇವಳು ಖಾಲಿ ಲೈನಿನಲ್ಲಿ ಮೂರು ನಿಮಿಷ ಹೂಂಗುಟ್ಟಿ, ಊಟ ಆಯ್ತಾ ಎಂದು ಕೇಳಿ, ನಕ್ಕು, ಇಡುತ್ತಿದ್ದಳು. ತಾವೆಲ್ಲ ಕಿವಿಗೊಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ.

ನಾನೂ ನಕ್ಕೆ. ಅಜ್ಜಿ ನಗಲಿಲ್ಲ.

"ಅದು ನಾನೇ," ಎಂದಳು. "ರಜೆ ದಿನ ಹೋಗ್ತಿದ್ದೆ. ಲೈನ್ ಜೋಡಿಸೋ ಬೋರ್ಡಿನ ಮುಂದೆ ಈ ನಗ್ತಿರೋಳೇ ಇರ್ತಿದ್ದಳು. ನಾನು ಯಾರ ಮಾತೂ ಕೇಳ್ತಿರ್ಲಿಲ್ಲ ನೋಡು, ಇವಳೂ ಕೇಳಲ್ಲ ಅಂದ್ಕೊಂಡಿದ್ದೆ."

ಹಾಗಾದರೆ ಆ ಮಗು ನಮ್ಮಪ್ಪ. "ಊರು ಬಿಟ್ಟು ದುಡಿಯುತ್ತಿದ್ದರೂ ನಮ್ಮಪ್ಪ ಒಂದೇ ಒಂದು ಶನಿವಾರ ನನ್ನನ್ನು ವಿಚಾರಿಸದೆ ಬಿಟ್ಟವರಲ್ಲ" ಎಂದು ಇವತ್ತಿಗೂ ಬಂದವರ ಮುಂದೆಲ್ಲ ಹೇಳಿಕೊಳ್ಳುವ ಅಪ್ಪ. ನನಗೆ ಅಳು ಬಂತು, ಆ ಹೆಂಗಸಿನ ಮೇಲೆ ವಿಪರೀತ ಸಿಟ್ಟೂ ಬಂತು.

"ಅವನಿಗೆ ಗೊತ್ತಾಗೋದು ಬೇಡ ಪುಟ್ಟಿ," ಎಂದಳು ಅಜ್ಜಿ.

ಮೇಷ್ಟ್ರು ತರಗತಿಯಲ್ಲಿ ಎಲ್ಲರ ಮಾತನ್ನೂ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿ ಪೋಷಕರಿಗೆ ಕಳಿಸುತ್ತಿದ್ದರು. ಅಪ್ಪ ಎಲ್ಲರಿಗಿಂತ ಮೊದಲು ನೋಡುವವರು. ನಮ್ಮ ಮಾತಿನಿಂದ ಆ ಭಾಗ ಕಿತ್ತು ಹಾಕಿದೆ. ಸೋಡಾಬುಡ್ಡಿ ಸಿಟ್ಟಿನಿಂದ ಕುಣಿದಾಡಿದಳು. ತಾನು ನೋಡಿ ನೆನಪಿಟ್ಟುಕೊಂಡ ಒಂದೇ ಒಂದು ಭಾಗವನ್ನೂ ಕಿತ್ತುಕೊಂಡೆನಂತೆ. ಕಾರಣ ಕೇಳಿದಳು, ನಾನು ಹೇಳಲಿಲ್ಲ. ಹೋಗಲಿ ಎಂದು ಬಿಡುವವಳಲ್ಲ ಅವಳು. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ತರಗತಿಯಲ್ಲಿ ಕುರ್ಚಿಯ ಎತ್ತರ, ಯಂತ್ರದ ಭಾರ ಎಲ್ಲ ಹೇಳಿ ಮುಗಿಸಿದೆ. ಮೇಷ್ಟ್ರು ಪೆನ್ನಿನ ತುದಿಯಿಂದ ಮೇಜು ಕುಟ್ಟುತ್ತಾ, ಚಿತ್ರ ನೋಡಿದವರೆಲ್ಲ ಮೊದಲು ಹೇಳುವುದೇ ಬೂತಿನ ಹೆಂಗಸಿನ ಕಥೆ, ನೀನು ಅದರ ಸುದ್ದಿಯನ್ನೇ ಎತ್ತಲಿಲ್ಲವಲ್ಲ ಎಂದರು. ಸೋಡಾಬುಡ್ಡಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಹಿಂದಿನ ಬೆಂಚಿನವರು ಆಗಲೇ ಕಿಸಕ್ಕೆಂದಿದ್ದರು. ಮೇಜಿನ ಮೇಲಿದ್ದ ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ನಿಜ ಹೇಳು, ಚಿತ್ರ ನೋಡಿದ್ದೀಯಾ?"

"ಇಲ್ಲ ಸರ್, ನೋಡಿಲ್ಲ," ಎಂದೆ.