ಸರಾಸರಿಯಲ್ಲಿ ಕಾಣದ ಚಳಿ

ಧ್ರುವಕ್ಕೆ ಅಷ್ಟೇನೂ ದೂರವಲ್ಲದ ಆ ಊರಿನ ಹವಾಮಾನ ಕಚೇರಿಯವರು ಅವಳಿಗೆ ಅನುಮಾನಿ ಎಂದು ಅಡ್ಡಹೆಸರಿಟ್ಟಿದ್ದರು. ಇಡದೆ ಏನು ಮಾಡಿಯಾರು? ಎಲ್ಲರೂ ಒಪ್ಪಿ ಕೈತೊಳೆದುಕೊಂಡಿದ್ದ ವರದಿಗೆ ಇವಳೊಬ್ಬಳೇ ತಗಾದೆ ತೆಗೆದಿದ್ದಳು.

ವಾಯುಮಂಡಲದ ಮೇಲ್ಪದರ ತಣ್ಣಗಾಗುತ್ತಿದೆ, ತಣ್ಣಗಾದಷ್ಟೂ ಬಿಸಿಲಿನ ಸುಡುಕಿರಣ ತಡೆಯುವ ಓಝೋನ್ ಸವೆಯುವುದು ನಿಧಾನ, ಆದ್ದರಿಂದ ಅದು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ವರದಿಯ ಸಾರ.

"ಮೇಲೆ ಹಾಗೇ ಸರ್. ಆದ್ರೆ ಧ್ರುವದ ಹತ್ರ, ಕೆಳಗಿನ ಪದರದಲ್ಲಿ, ಚಳಿ ವಿಪರೀತ ಆದ್ರೆ ಹಿಮದ ಮೋಡ ಕಟ್ಟುತ್ತೆ. ಅದರ ಮೇಲೆ ಗಾಳಿಯಲ್ಲಿರೋ ಕ್ಲೋರಿನ್ ಎಚ್ಚೆತ್ತು, ವಸಂತದ ಬಿಸಿಲು ಬಿದ್ದ ಕೂಡ್ಲೇ ಓಝೋನನ್ನ ತಿಂದುಹಾಕುತ್ತೆ. ನಾವು ಕಂಪ್ಯೂಟರಿಗೆ ತಿಂಗಳ ಸರಾಸರಿ ಉಷ್ಣಾಂಶ ಕೊಟ್ಟು ಕೂತಿದೀವಿ. ನಾಲ್ಕು ದಿನದ ಕೊರೆಯೋ ಚಳಿ ಅದ್ರಲ್ಲಿ ಎಲ್ಲಿ ಕಾಣುತ್ತೆ?"

ಮುಖ್ಯಸ್ಥ ಹಣೆ ಒತ್ತಿಕೊಂಡ. "ಆಯ್ತಮ್ಮ, ದಿನದಿನದ್ದೇ ಕೊಟ್ಟು ಓಡಿಸು. ಏನೂ ವ್ಯತ್ಯಾಸ ಬರ್ಲಿಲ್ಲ ಅಂದ್ರೆ, ನಿನ್ನ ಗುತ್ತಿಗೆ ಮುಂದುವರಿಸಿ ಅಂತ ಮೇಲಿನವ್ರನ್ನ ಕೇಳೋಕೆ ನಂಗೆ ಮುಖ ಇರಲ್ಲ."

ಅಂದೇ ಅವಳು ದಿನದಿನದ ಉಷ್ಣಾಂಶ ತುಂಬಿ ಲೆಕ್ಕ ಓಡಿಸತೊಡಗಿದಳು. ಮನೆಯಲ್ಲಿರುವವಳು ತಂಗಿಯೊಬ್ಬಳೇ. ಬಿಸಿಲು ತಾಗಿದರೆ ಬೊಬ್ಬೆ ಏಳುವ ಚರ್ಮ ಅವಳದು. ಹಗಲೆಲ್ಲ ಪರದೆ ಎಳೆದುಕೊಂಡು ಬಟ್ಟೆ ಹೊಲಿಯುತ್ತಾಳೆ. ಆ ಮನೆ ನಡೆಯುವುದು ಅಕ್ಕನ ಸಂಬಳದಿಂದಲೇ.

ಲೆಕ್ಕ ಮುಗಿಯುವ ದಿನ ಬಂತು. ಕಂಪ್ಯೂಟರಿನ ಪರದೆಯ ಮೇಲೆ ಓಝೋನಿನ ಗೆರೆ ಒಂದೊಂದೇ ವರ್ಷ ಮುಂದಕ್ಕೆ ಸರಿಯುತ್ತಿತ್ತು, ನೆಟ್ಟಗೆ, ಹಳೆಯ ವರದಿಯ ಗೆರೆಯ ಪಕ್ಕದಲ್ಲೇ. ಮುಖ್ಯಸ್ಥ ಹಿಂದೆ ನಿಂತು ಕೆಮ್ಮಿದ. ಹಾಳಾದ ಗೆರೆ ಬೀಳಬಾರದೇ ಎಂದು ಇವಳು ಕಂಡ ದೇವರಿಗೆಲ್ಲ ಮೊರೆಯಿಟ್ಟಳು. ಅಷ್ಟರಲ್ಲಿ ತಂಗಿಯ ಫೋನು.

"ಏನಾಯ್ತೇ ಅಕ್ಕ?"

"ತಾಳೇ ಸ್ವಲ್ಪ!"

ಗೆರೆ ಒಮ್ಮೆ ನಡುಗಿ, ವಸಂತದ ತಿಂಗಳಲ್ಲಿ ಧಡಕ್ಕನೆ ಕೆಳಗಿಳಿಯಿತು. ಮುಂದಿನ ವರ್ಷ ಇನ್ನೂ ಕೆಳಗೆ.

"ಬಿತ್ತು! ಬಿತ್ತು!" ಅವಳು ಕುರ್ಚಿಯಿಂದೆದ್ದು ಕುಣಿದೇಬಿಟ್ಟಳು.

ಮುಖ್ಯಸ್ಥ ಕುಣಿಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. "ನೀನ್ ಹೇಳಿದ್ದೇ ಸರಿ. ವರದಿ ಈಗ್ಲೇ ತಡೀತೀನಿ. ನಿನ್ನ ಕೆಲಸಕ್ಕೇನೂ ಭಯ ಇಲ್ಲ. ಆದ್ರೆ ಓಝೋನ್ ತೆಳುವಾದ ಈ ಗಾಳಿ ವಸಂತ ಮುಗಿಯೋದ್ರೊಳಗೆ ನಮ್ಮೂರ ತನಕ ಜಾರಿ ಬರುತ್ತಲ್ಲಮ್ಮ, ಅದನ್ನ ಜನಕ್ಕೆ ಹೇಗೆ ಹೇಳೋದು?"

ಫೋನು ಇನ್ನೂ ಅವಳ ಕೈಯಲ್ಲೇ ಇತ್ತು; ಆಚೆಗಿದ್ದ ತಂಗಿಗೆ ಮಾತು ಅರೆಬರೆ ಕೇಳಿಸಿತ್ತು.

"ಕೆಲಸ ಉಳೀತಾ? ಅಬ್ಬಾ, ಹೋದ ಜೀವ ಬಂದಂಗಾಯ್ತು!" ಎಂದಳು ತಂಗಿ. "ಅಂದ್ರೆ ಆಕಾಶ ಸರಿಹೋಗ್ತಿದೆ ಅಂತ ತಾನೆ? ನಾನೂ ಒಂದಿನ ಹಗಲಲ್ಲಿ ಹೊರಗೆ ಬರಬಹುದೇನೇ?"

ತಾನು ಇಷ್ಟು ಹೊತ್ತು ದೇವರಲ್ಲಿ ಬೇಡಿಕೊಂಡದ್ದು ಏನೆಂದು ಆಗ ಅವಳಿಗೆ ಹೊಳೆಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು.

"ಇಲ್ಲ ಕಣೇ," ಎಂದಳು.